ಹಳೆಯ ಕಾರಿಗೆ ಬಾನೆಟ್ ಕೂಡಿಸುವ ವಿಜ್ಞಾನ



ಕಾರಿನ ಮುಂಭಾಗದಲ್ಲಿ ಎಂಜಿನ್ನನ್ನು ಮುಚ್ಚಿರುವ ತಗಡಿಗೆ ನಾವು ಬಾನೆಟ್ ಎನ್ನುತ್ತೇವೆ. ಇದು ಬ್ರಿಟಿಷರಿಂದ ನಮಗೆ ಬಂದ ಮಾತು. ಅಮೆರಿಕದವರು ಇದನ್ನೇ ಹುಡ್ ಎನ್ನುತ್ತಾರೆ. ಎರಡೂ ಮೂಲತಃ ತಲೆಗೆ ಹಾಕುವ ಕುಲಾವಿಯ ಹೆಸರುಗಳು. ಕುಲಾವಿಯನ್ನು ತೆಗೆದು ಹಾಕುವುದರಲ್ಲಿ ಏನು ದೊಡ್ಡ ವಿದ್ಯೆ ಇದೆ ಎಂದು ನಿಮಗೆ ಅನ್ನಿಸಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದ ನನಗೆ ಆ ಅಹಂಕಾರ ಎಷ್ಟು ದುಬಾರಿಯಾಗಬಹುದಿತ್ತು ಎಂಬುದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಹಳೆಯ ಅಂಬಾಸಡರ್ ಕಾರು ಇತ್ತು. ಒಂದು ಬೇಸಿಗೆ ರಜೆಯಲ್ಲಿ ಅದರ ಬಾನೆಟ್ಟನ್ನು ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಹೊಡೆಸಿ, ನಾನೇ ಮತ್ತೆ ಕೂಡಿಸಿದೆ. ಮುಚ್ಚುವಾಗ ಒಳಗಿನ ಸುರಕ್ಷತಾ ಕೊಕ್ಕೆ ಎಲ್ಲೋ ತಾಗುತ್ತಿತ್ತು. ಹೊಸ ಬಣ್ಣ ಕೆರೆಯುತ್ತಿತ್ತು. ಮುಖ್ಯ ಚಿಲಕವಂತೂ ಇದೆಯಲ್ಲ, ಈ ಕೊಕ್ಕೆ ಏತಕ್ಕೆ ಎಂದು ಅದನ್ನು ಬಿಚ್ಚಿ ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ಎರಡು ವಾರದ ನಂತರ ಅಪ್ಪ ಹಾಸನದಿಂದ ಸಕಲೇಶಪುರದ ಕಡೆ ಹೋಗುತ್ತಿದ್ದಾಗ, ನೇರವಾದ ರಸ್ತೆಯಲ್ಲಿ ಚಿಲಕ ಬಿಟ್ಟುಕೊಂಡು ಬಾನೆಟ್ ಎದ್ದು ಗಾಜಿಗೆ ಬಡಿಯಿತು. ಎದುರಿನ ರಸ್ತೆ ಪೂರ್ತಿ ಮರೆಯಾಯಿತು. ಅಪ್ಪ ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸಲಿಲ್ಲ. ಬಾನೆಟ್ಟಿನ ಕೆಳಗೆ ಕಾಣುತ್ತಿದ್ದ ಸಣ್ಣ ಸಂದಿಯಲ್ಲಿ ನೋಡುತ್ತ, ಪಕ್ಕದ ಗಾಜಿನಿಂದ ಇಣುಕುತ್ತ, ಮೆಲ್ಲಗೆ ಬ್ರೇಕ್ ಒತ್ತಿ ಕಾರನ್ನು ಅಂಚಿಗೆ ನಿಲ್ಲಿಸಿದರು. ಎದುರಿನಿಂದ ಬರುತ್ತಿದ್ದ ಬಸ್ಸು ಆಮೇಲೆ ದಾಟಿ ಹೋಯಿತಂತೆ. ಮನೆಗೆ ಬಂದವರು ನನ್ನನ್ನು ಬೈಯಲಿಲ್ಲ. "ಆ ಕೊಕ್ಕೆ ಎಲ್ಲಿಟ್ಟಿದ್ದೀಯಪ್ಪಾ?" ಎಂದಷ್ಟೇ ಕೇಳಿದರು.

ಆ ದಿನ ರಾತ್ರಿ ಕೂತು ನಾನು ಒಂದು ಲೆಕ್ಕ ಮಾಡಿದೆ. ನೀವೂ ಮಾಡಿ ನೋಡಿ. ಚಲಿಸುವ ಗಾಳಿಯ ಒತ್ತಡ, ಅದರ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11.1 ಮೀಟರ್. ಆಗ ಒತ್ತಡ ಚದರ ಮೀಟರಿಗೆ ಸುಮಾರು 74 ನ್ಯೂಟನ್, ಅಂದರೆ ಏಳೂವರೆ ಕಿಲೋ ಭಾರದಷ್ಟು. ವೇಗ 80 ಆದಾಗ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 30 ಕಿಲೋ ಭಾರ. ಬಾನೆಟ್ಟಿನ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಚದರ ಮೀಟರ್. ಅದರ ಮುಂದಿನ ಅಂಚು ನಾಲ್ಕು ಬೆರಳಿನಷ್ಟು ಎದ್ದರೆ ಸಾಕು, ಗಾಳಿ ಅಡಿಗೆ ನುಗ್ಗುತ್ತದೆ. ಎದ್ದಷ್ಟೂ ಗಾಳಿಗೆ ಸಿಗುವ ಜಾಗ ಹೆಚ್ಚುತ್ತದೆ. ಊರೊಳಗೆ ಮೆಲ್ಲಗೆ ಓಡಿಸುವಾಗ ಸುಮ್ಮನೆ ಕೂತಿದ್ದ ಬಾನೆಟ್ ಹೆದ್ದಾರಿಯಲ್ಲಿ ಏಕೆ ಹಾರುತ್ತದೆ ಎಂಬುದಕ್ಕೆ ಈ ವರ್ಗದ ನಿಯಮವೇ ಉತ್ತರ. ಅದಕ್ಕಾಗಿಯೇ ಚಿಲಕ ಒಂದಲ್ಲ, ಎರಡು. ಮೊದಲನೆಯದು ಸೋತರೂ ಎರಡನೆಯದು ಬಾನೆಟ್ಟನ್ನು ಬೆರಳಗಲಕ್ಕಿಂತ ಮೇಲೆ ಏಳಗೊಡುವುದಿಲ್ಲ.

ಇನ್ನು ಕೂಡಿಸುವ ಕೆಲಸಕ್ಕೆ ಬರೋಣ. ನಾವು ಉದಾಹರಣೆಗೆ ತೆಗೆದುಕೊಳ್ಳುವ ಕಾರು ಎಂ.ಜಿ.ಬಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಪುಟ್ಟ ಕ್ರೀಡಾ ಕಾರು ಇದು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ನಮಗೆ ಇದು ತೀರ ಪರಕೀಯವೂ ಅಲ್ಲ. ಇದರ 1798 ಸಿ.ಸಿ. ಎಂಜಿನ್ ಬಿ-ಸೀರೀಸ್ ಎಂಬ ಕುಟುಂಬಕ್ಕೆ ಸೇರಿದ್ದು. ನಮ್ಮ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಓಡಿದ 1489 ಸಿ.ಸಿ. ಎಂಜಿನ್ನೂ ಅದೇ ಕುಟುಂಬದ್ದು. ದಾಯಾದಿಗಳು ಎನ್ನಿ. ಈ ಎರಡು ಕಾರುಗಳಲ್ಲೂ ಬಾನೆಟ್ಟಿನ ಕೀಲುಗಳು ಹಿಂದೆ, ಅಂದರೆ ಗಾಜಿನ ಕಡೆ, ಚಿಲಕ ಮುಂದೆ.

ಬಿಚ್ಚುವ ಮೊದಲು ಗುರುತು ಮಾಡಬೇಕು. ಕೀಲಿನ ಪಟ್ಟಿ ಬಾನೆಟ್ಟಿಗೆ ಎಲ್ಲಿ ಕೂತಿದೆಯೋ ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಈ ಒಂದು ನಿಮಿಷದ ಕೆಲಸ ಮುಂದೆ ಅರ್ಧ ದಿನ ಉಳಿಸುತ್ತದೆ. ಬಾನೆಟ್ಟಿನ ಹಿಂದಿನ ಎರಡು ಮೂಲೆಗಳ ಕೆಳಗೆ ದಪ್ಪ ಬಟ್ಟೆ ಹಾಸಿ. ಬೋಲ್ಟು ಸಡಿಲವಾದ ಕೂಡಲೇ ಆ ಮೂಲೆಗಳೇ ಮೊದಲು ಜಾರಿ ಮೈಬಣ್ಣವನ್ನು ಕೆತ್ತುವುದು. ಜೊತೆಗೆ ಇನ್ನೊಬ್ಬರು ಇರಲೇಬೇಕು. ಭಾರದ ಪ್ರಶ್ನೆಯಲ್ಲ ಇದು, ಅಗಲದ ಪ್ರಶ್ನೆ. ಒಬ್ಬನ ಎರಡು ಕೈ ಅಷ್ಟು ದೊಡ್ಡ ತಗಡನ್ನು ತಿರುಚದಂತೆ ಹಿಡಿಯಲಾರವು.

ಬಿಚ್ಚಿದಾಗ ಒಂದು ವಿಚಿತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ. ಕೀಲಿನ ತೂತುಗಳು ಬೋಲ್ಟಿಗಿಂತ ದೊಡ್ಡವು. ಕೆಲಸ ಸರಿಯಾಗಿಲ್ಲವೆಂದು ತಿಳಿಯಬೇಡಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಆ ಕಾಲದ ಕಾರಿನ ಮೈಯನ್ನು ಹಲವಾರು ತಗಡುಗಳನ್ನು ಬೆಸೆದು ಮಾಡುತ್ತಿದ್ದರು. ಪ್ರತಿ ಬೆಸುಗೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಸೇರಿ ಸೇರಿ, ಕೊನೆಗೆ ಒಂದು ಕಾರಿಗೂ ಇನ್ನೊಂದಕ್ಕೂ ಮಿಲಿಮೀಟರುಗಟ್ಟಲೆ ಅಂತರ ಬರುತ್ತಿತ್ತು. ದೊಡ್ಡ ತೂತುಗಳ ಸಹಾಯದಿಂದ ಕೆಲಸಗಾರನು ಪ್ರತಿಯೊಂದು ಬಾನೆಟ್ಟನ್ನೂ ಆಯಾ ಕಾರಿಗೆ ಕೈಯಲ್ಲೇ ಹೊಂದಿಸುತ್ತಿದ್ದ. ಆದ್ದರಿಂದ ಒಂದು ಎಂ.ಜಿ.ಬಿ.ಯ ಬಾನೆಟ್ಟನ್ನು ಇನ್ನೊಂದು ಎಂ.ಜಿ.ಬಿ.ಗೆ ಹಾಕಿದರೆ ಒಂದೇ ಏಟಿಗೆ ಕೂರುವುದಿಲ್ಲ. ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಬ್ರಿಟನ್ನಿನಲ್ಲಿ ಈ ಕಾರಿನ ಮೈಯನ್ನು ಮತ್ತೆ ತಯಾರಿಸತೊಡಗಿದರು. ಅಂಥ ಹೊಸ ತಗಡಿಗೂ ಹೊಂದಿಸುವ ಕೆಲಸ ತಪ್ಪಿದ್ದಲ್ಲ.

ಹೊಂದಿಸುವುದಕ್ಕೆ ಒಂದು ಕ್ರಮ ಇದೆ. ಮೈಯೆಲ್ಲ ಬಿಚ್ಚಿದ ಕಾರಾದರೆ ಮೊದಲು ಬಾಗಿಲು, ಬಾಗಿಲಿಗೆ ಸರಿಯಾಗಿ ಮಡ್‌ಗಾರ್ಡು, ಮಡ್‌ಗಾರ್ಡಿಗೆ ಸರಿಯಾಗಿ ಬಾನೆಟ್. ತಿರುಗುಮುರುಗು ಮಾಡಿದರೆ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೇರಿದಂತಾಗುತ್ತದೆ. ಇದನ್ನೆಲ್ಲ ಬಣ್ಣ ಹೊಡೆಯುವ ಮೊದಲೇ ಒಮ್ಮೆ ಕೂಡಿಸಿ ನೋಡಬೇಕು. ನಾನು ಮಾಡಿದ ಮೊದಲ ತಪ್ಪೇ ಇದು: ಬಣ್ಣ ಹೊಡೆಸಿದ ಮೇಲೆ ಹೊಂದಿಸಲು ಹೋದೆ, ಆಮೇಲೆ ಬಣ್ಣ ಉಳಿಸಲು ಕೊಕ್ಕೆ ಬಿಚ್ಚಿದೆ.

ಬೋಲ್ಟುಗಳನ್ನು ಮೊದಲು ಕೈಬೆರಳಲ್ಲಿ ಹಿಡಿಯುವಷ್ಟೇ ತಿರುಗಿಸಿ, ಗೆರೆಗೆ ಸರಿಯಾಗಿ ಬಾನೆಟ್ಟನ್ನು ಕೂಡಿಸಿ, ಮೆಲ್ಲಗೆ ಇಳಿಸಿ. ಸುತ್ತಲಿನ ಸಂದಿಯನ್ನು ನೋಡಿ. ಈ ಕಾಲದ ಕಾರುಗಳಲ್ಲಿ ಸುಮಾರು 4ರಿಂದ 5 ಮಿಲಿಮೀಟರ್ ಸಂದಿ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. 4 ಮಿಲಿಮೀಟರ್ ದಪ್ಪದ ಪ್ಲೈವುಡ್ ಚೂರೊಂದನ್ನು ಸಂದಿಯುದ್ದಕ್ಕೂ ಎಳೆದುಕೊಂಡು ಹೋಗಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಅಲ್ಲಾಡುತ್ತದೆ ಎಂಬುದನ್ನು ಕಣ್ಣಿಗಿಂತ ಚೆನ್ನಾಗಿ ಕೈಯೇ ಹೇಳುತ್ತದೆ.

ಇಲ್ಲಿ ಸ್ವಲ್ಪ ರೇಖಾಗಣಿತ. ಎರಡು ಕೀಲುಗಳ ನಡುವೆ 80 ಸೆಂಟಿಮೀಟರ್ ಅಂತರ, ಬಾನೆಟ್ಟಿನ ಉದ್ದ 120 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಕೀಲನ್ನು ಮಾತ್ರ 2 ಮಿಲಿಮೀಟರ್ ಮುಂದಕ್ಕೆ ಸರಿಸಿದರೆ, ಬಾನೆಟ್ಟಿನ ಮೂತಿ ಪಕ್ಕಕ್ಕೆ 3 ಮಿಲಿಮೀಟರ್ ತಿರುಗುತ್ತದೆ. ಮುಂದೆ ಕಾಣುವ ತಪ್ಪಿನ ಮೂಲ ಹಿಂದೆ ಇರುತ್ತದೆ. ಇದು ಗೊತ್ತಿಲ್ಲದವರು ಮೂತಿಯನ್ನೇ ಹಿಡಿದು ಎಳೆಯುತ್ತಾರೆ, ಚಿಲಕವನ್ನು ಬಗ್ಗಿಸುತ್ತಾರೆ. ಹಿಂದಿನ ಅಂಚಿನ ಎತ್ತರವನ್ನು ಕೀಲು ಮೈಗೆ ಕೂಡುವ ಜಾಗದಲ್ಲಿ ಸರಿಮಾಡಿ. ಮುಂದಿನ ಅಂಚಿನ ಎತ್ತರವನ್ನು ರಬ್ಬರ್ ಗುಬುಟುಗಳಿಂದ ಮತ್ತು ಚಿಲಕದ ಗೂಟವನ್ನು ತಿರುಗಿಸುವುದರಿಂದ ಸರಿಮಾಡಿ. ಎಂ.ಜಿ.ಬಿ.ಯಲ್ಲಿ ಈ ಗೂಟಕ್ಕೆ ಸ್ಪ್ರಿಂಗೂ, ಅದನ್ನು ಬಿಗಿಯಾಗಿ ನಿಲ್ಲಿಸುವ ನಟ್ಟೂ ಇವೆ. ಒಂದನ್ನು ಬದಲಿಸಿದರೆ ಇನ್ನೊಂದು ಕೊಂಚ ಬದಲಾಗುತ್ತದೆ. ನಮ್ಮ ಕ್ಯಾಮೆರಾದ ಮುಕ್ಕಾಲಿಯ ಕಾಲುಗಳನ್ನು ಸಮ ಮಾಡಿದ ಹಾಗೆ, ಸುತ್ತು ಬಂದು ಬಂದು ಸರಿಮಾಡಬೇಕು.

ಪೂರ್ತಿ ಮುಚ್ಚುವ ಮೊದಲು ಮರೆಯದೆ ಮಾಡಬೇಕಾದ ಪರೀಕ್ಷೆ ಒಂದಿದೆ. ಬಾನೆಟ್ ಮೇಲೆ ಎತ್ತಿರುವಾಗಲೇ, ಸ್ಕ್ರೂಡ್ರೈವರ್ ತುದಿಯನ್ನು ಚಿಲಕದೊಳಗೆ ಒತ್ತಿ ಅದು ಹಿಡಿದುಕೊಳ್ಳುವಂತೆ ಮಾಡಿ. ಆಮೇಲೆ ಒಳಗಿನ ಕೇಬಲ್ ಎಳೆಸಿ. ಬಿಟ್ಟಿತೇ? ಬಿಟ್ಟರೆ ಮಾತ್ರ ಮುಚ್ಚಿ. ಕೇಬಲ್ ತುಕ್ಕು ಹಿಡಿದು ತುಂಡಾದರೆ ಮುಚ್ಚಿದ ಬಾನೆಟ್ಟನ್ನು ತೆಗೆಯುವುದು ತಲೆನೋವಿನ ಕೆಲಸ. ಬೋಲ್ಟುಗಳನ್ನು ಬಿಗಿ ಮಾಡಿ, ಸುರಕ್ಷತಾ ಕೊಕ್ಕೆ ತಾನಾಗಿ ಸಿಕ್ಕಿಕೊಳ್ಳುತ್ತದೆಯೇ ಎಂದು ಕೊನೆಯಲ್ಲಿ ನೋಡಿ. ಕೊಕ್ಕೆ ತಾಗುತ್ತಿದ್ದರೆ ಹೊಂದಾಣಿಕೆಯಲ್ಲಿ ತಪ್ಪಿದೆ ಎಂದು ತಿಳಿಯಿರಿ. ತೆಗೆಯಬೇಕಾದದ್ದು ಆ ತಪ್ಪನ್ನು, ಕೊಕ್ಕೆಯನ್ನಲ್ಲ.

ಈಗ ಬಾನೆಟ್ಟಿನ ರೂಪವನ್ನೇ ಬದಲಾಯಿಸುವ ವಿಷಯ. ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕಿದಾಗ ಅದು ಎತ್ತರವಾಗಿ ಬಾನೆಟ್ ಮುಚ್ಚುವುದಿಲ್ಲ. ಇದೇ ಸಮಸ್ಯೆ ಎಂ.ಜಿ.ಬಿ.ಗೆ ಮೂರು ಸಲ ಬಂತು. ಮೂರು ಸಲವೂ ಬೇರೆ ಬೇರೆ ಉತ್ತರ ಸಿಕ್ಕಿತು.

ಮೊದಲನೆಯದು 1967ರಲ್ಲಿ. ಕಾರ್ಖಾನೆಯವರೇ 2912 ಸಿ.ಸಿ.ಯ ಆರು ಸಿಲಿಂಡರಿನ ಎಂಜಿನ್ ಹಾಕಿ ಎಂ.ಜಿ.ಸಿ. ಎಂಬ ಕಾರು ತಂದರು. ಉದ್ದದ ಎಂಜಿನ್ನಿನಿಂದಾಗಿ ರೇಡಿಯೇಟರ್ ಮುಂದಕ್ಕೆ ಸರಿಯಿತು. ಅದಕ್ಕೆ ಜಾಗ ಕೊಡಲು ಬಾನೆಟ್ಟಿನ ಮೇಲೆ ಅಗಲವಾದ ಉಬ್ಬು ಮಾಡಿದರು. ಆದರೂ ಕಾರ್ಬ್ಯುರೇಟರ್ ತಾಗಿತು. ಅದಕ್ಕೆಂದು ಆ ಉಬ್ಬಿನ ಮೇಲೆ ಕಣ್ಣೀರ ಹನಿಯ ಆಕಾರದ ಇನ್ನೊಂದು ಸಣ್ಣ ಉಬ್ಬು! ಇವತ್ತಿಗೂ ಎಂ.ಜಿ.ಸಿ.ಯನ್ನು ದೂರದಿಂದ ಗುರುತಿಸುವುದು ಈ ಜೋಡಿ ಉಬ್ಬಿನಿಂದಲೇ. ಭಾರವಾದ ಎಂಜಿನ್ನಿನಿಂದ ಕಾರಿನ ಮೂತಿ ತೂಕವಾಗಿ, ತಿರುವುಗಳಲ್ಲಿ ಅದು ಮೊದಲಿನಷ್ಟು ಚುರುಕಾಗಿಲ್ಲವೆಂಬ ಟೀಕೆ ಬಂತು. 1969ರಲ್ಲಿ ತಯಾರಿಕೆ ನಿಂತಿತು.

ಎರಡನೆಯದು 1970ರ ಆಸುಪಾಸಿನಲ್ಲಿ. ಕೆನ್ ಕಾಸ್ಟೆಲ್ಲೊ ಎಂಬ ರೇಸ್ ಚಾಲಕ, ರೋವರ್ ಕಂಪನಿಯ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನನ್ನು ಎಂ.ಜಿ.ಬಿ.ಗೆ ಹಾಕಿ ಮಾರತೊಡಗಿದರು. ಮೇಲೆ ಕೂತ ಕಾರ್ಬ್ಯುರೇಟರುಗಳು ಬಾನೆಟ್ಟಿಗೆ ತಾಗುತ್ತಿದ್ದವು. ಕಾಸ್ಟೆಲ್ಲೊ ಮೂಲ ಬಾನೆಟ್ಟನ್ನು ಬದಿಗಿಟ್ಟು, ಉಬ್ಬಿರುವ ಗಾಜುನಾರಿನ ಬಾನೆಟ್ಟನ್ನು ಹೊಂದಿಸಿದರು.

ಮೂರನೆಯದು 1973ರಲ್ಲಿ. ಕಾರ್ಖಾನೆಯವರು ತಾವೇ ಆ ರೋವರ್ ಎಂಜಿನ್ ಹಾಕಿ ಎಂ.ಜಿ.ಬಿ. ಜಿ.ಟಿ. ವಿ-8 ತಂದರು. ಈ ಸಲ ಬಾನೆಟ್ಟನ್ನು ಅವರು ಮುಟ್ಟಲೇ ಇಲ್ಲ. ಗಾಳಿ ಒಯ್ಯುವ ಕೊಳವೆಯ ಜೋಡಣೆಯನ್ನು ಹೊಸದಾಗಿ ರೂಪಿಸಿ, ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಹಿಂಬದಿಗೆ, ತಗ್ಗಾದ ಜಾಗಕ್ಕೆ ಕಳಿಸಿದರು. ಮಾಮೂಲು ಬಾನೆಟ್ ಸರಾಗವಾಗಿ ಮುಚ್ಚಿತು. ಗೆಳೆಯರೇ, ನನಗೆ ಬಹಳ ಮೆಚ್ಚುಗೆಯಾದ ಉತ್ತರ ಇದು. ಕಷ್ಟ ಬಾನೆಟ್ಟಿನಲ್ಲಿ ಕಾಣುತ್ತಿತ್ತು. ಪರಿಹಾರ ಇದ್ದದ್ದು ಅದರ ಕೆಳಗೆ.

ಎಷ್ಟು ಉಬ್ಬು ಬೇಕು ಎಂದು ತಿಳಿಯುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಗಟ್ಟಿಯಾಗಿ ಕಲೆಸಿದ ಚಪಾತಿ ಹಿಟ್ಟಿನ ಉಂಡೆಗಳನ್ನು ಎಂಜಿನ್ನಿನ ಎತ್ತರದ ಜಾಗಗಳಲ್ಲಿ ಇಟ್ಟು, ಎಂಜಿನ್ ತಣ್ಣಗಿರುವಾಗ ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಎತ್ತಿ. ಚಪ್ಪಟೆಯಾದ ಉಂಡೆಯ ದಪ್ಪವೇ ಅಲ್ಲಿರುವ ಖಾಲಿ ಜಾಗ. ಎಂಜಿನ್ ರಬ್ಬರಿನ ಮೇಲೆ ಕೂತು ಓಲಾಡುತ್ತದೆ. ಆದ್ದರಿಂದ ಎರಡು ಸೆಂಟಿಮೀಟರಾದರೂ ಬಿಡುವು ಇರಬೇಕು.

ಇನ್ನು ಲೋಹದ ವಿಚಾರ. 1960ರ ದಶಕದ ಎಂ.ಜಿ.ಬಿ.ಗಳ ಬಾನೆಟ್ ಅಲ್ಯೂಮಿನಿಯಂನದು, ಆಮೇಲಿನವು ಉಕ್ಕಿನವು. ಒಂದು ಚದರ ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕಿಲೋ ತೂಗಿದರೆ ಅಲ್ಯೂಮಿನಿಯಂ 2.7 ಕಿಲೋ. ಆದರೆ ಅಲ್ಯೂಮಿನಿಯಂನ ಬಿಗುಪು ಉಕ್ಕಿನದರಲ್ಲಿ ಮೂರನೆಯ ಒಂದು ಭಾಗ ಮಾತ್ರ. ಹಾಗಾದರೆ ಮೂರು ಪಟ್ಟು ದಪ್ಪ ಬೇಕೇ? ಬೇಡ. ತಗಡು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಮೂರರ ಘನಮೂಲ 1.44. ಅಂದರೆ 1.44 ಮಿಲಿಮೀಟರ್ ದಪ್ಪ ಸಾಕು, ತೂಕ 3.9 ಕಿಲೋ, ಉಕ್ಕಿನ ಅರ್ಧ. ಗಣಿತದ ತರಗತಿಯಲ್ಲಿ ಘನಮೂಲ ಯಾವುದಕ್ಕೆ ಉಪಯೋಗ ಎಂದು ಕೇಳುವವರಿಗೆ ಇದನ್ನು ಹೇಳಿ.

ಲಾಭದ ಜೊತೆ ತೊಡಕೂ ಇದೆ. ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಾಗಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಹುಟ್ಟಿ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಉಕ್ಕಿನ ಕೀಲು ಕೂರುವ ಜಾಗದಲ್ಲಿ ಬಣ್ಣದ ಪದರ ಪೂರ್ತಿ ಇರಬೇಕು, ನೀರು ನಿಲ್ಲಬಾರದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: ಒಂದು ಮೀಟರ್ ಅಗಲಕ್ಕೆ 40 ಡಿಗ್ರಿ ಏರಿದರೆ ಸುಮಾರು 0.9 ಮಿಲಿಮೀಟರ್. ಸಂದಿಯನ್ನು ಅತಿ ಕಿರಿದಾಗಿ ಇಟ್ಟರೆ ಬೆಳಿಗ್ಗೆ ಚೆಂದ, ಮಧ್ಯಾಹ್ನ ಉಜ್ಜಾಟ. ಗಾಜುನಾರು ತುಕ್ಕು ಹಿಡಿಯುವುದಿಲ್ಲ, ಹಗುರ. ಆದರೆ ಚಿಲಕದ ಬಳಿ ಒಳಗೆ ಲೋಹದ ಪಟ್ಟಿ ಸೇರಿಸದಿದ್ದರೆ ಅಲ್ಲಿ ಬಿರುಕು ಬಿಡುತ್ತದೆ.

ಎಂಜಿನ್ ಬಿಸಿಯಾಗುತ್ತದೆಂದು ಬಾನೆಟ್ಟಿಗೆ ಗಾಳಿಕಿಂಡಿ ಕೊರೆಸುವವರಿದ್ದಾರೆ. 1961ರ ಜಾಗ್ವಾರ್ ಇ-ಟೈಪ್ ಕಾರಿನ ಉದ್ದನೆಯ ಬಾನೆಟ್ಟಿನ ಮೇಲಿನ ಕಿಂಡಿಗಳು ಬಿಸಿಗಾಳಿಯನ್ನು ಹೊರಬಿಡಲು ಮಾಡಿದವೇ. ಆದರೆ ಕಿಂಡಿ ಎಲ್ಲಿರಬೇಕು? ಮುಂದಿನ ಅಂಚು ದಾಟಿ ಗಾಳಿ ಮೇಲೇರಿ ಹರಿಯುವಲ್ಲಿ ಒತ್ತಡ ಕಡಿಮೆ. ಅಲ್ಲಿ ಕಿಂಡಿಯಿದ್ದರೆ ಬಿಸಿಗಾಳಿ ಹೊರಗೆ ಬರುತ್ತದೆ. ಗಾಜಿನ ಬುಡದಲ್ಲಿ ಗಾಳಿ ತಡೆದು ನಿಲ್ಲುವುದರಿಂದ ಒತ್ತಡ ಹೆಚ್ಚು. ಬಿಸಿಗಾಳಿ ಹೋಗಲಿ ಎಂದು ಬಾನೆಟ್ಟಿನ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎತ್ತರಿಸುತ್ತಾರಲ್ಲ, ಅಲ್ಲಿ ಓಡುವ ಕಾರಿಗೆ ಗಾಳಿ ಹೊರಬರುವ ಬದಲು ಒಳನುಗ್ಗುವ ಸಂಭವವೇ ಹೆಚ್ಚು. ನಂಬಿಕೆ ಬಾರದಿದ್ದರೆ ಬಾನೆಟ್ಟಿನ ಮೇಲೆ ಬೆರಳುದ್ದದ ಉಲ್ಲನ್ ದಾರದ ತುಂಡುಗಳನ್ನು ಸಾಲಾಗಿ ಅಂಟಿಸಿ, ದೊಡ್ಡವರು ಓಡಿಸುವಾಗ ಪಕ್ಕದ ಕಾರಿನಿಂದ ಚಿತ್ರ ತೆಗೆಯಿರಿ. ದಾರ ಎಲ್ಲಿ ನೇರ ಮಲಗುತ್ತದೆ, ಎಲ್ಲಿ ತಿರುಗಿ ಕುಣಿಯುತ್ತದೆ ಎಂದು ನೋಡಿದರೆ ಕಾಣದ ಗಾಳಿ ಕಾಣುತ್ತದೆ. ಮಲೆನಾಡಿನ ಮಳೆಯಲ್ಲಿ ಅದೇ ಕಿಂಡಿಯಿಂದ ನೀರು ಡಿಸ್ಟ್ರಿಬ್ಯೂಟರಿನ ಮೇಲೆ ಬಿದ್ದು ಕಾರು ನಿಲ್ಲುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೊರೆಯುವಾಗ ಒಳಗಿನ ಪಕ್ಕೆಲುಬಿನಂಥ ಪಟ್ಟಿಗಳನ್ನು ಮಾತ್ರ ಕತ್ತರಿಸಬಾರದು. ತೆಳು ತಗಡಿಗೆ ಬಲ ಕೊಡುವುದೇ ಅವು.

ಕೊನೆಯದಾಗಿ, ಬದಲಾಯಿಸಬಹುದು ಎಂದ ಮಾತ್ರಕ್ಕೆ ಬದಲಾಯಿಸಬೇಕೇ? ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿಸ್, ಮೈ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಕಾಯಿದೆಗಿಂತ ಮಿಗಿಲಾದ ಮಾತೂ ಒಂದಿದೆ. ಕತ್ತರಿಸಿದ ತಗಡು ಮತ್ತೆ ಕೂಡುವುದಿಲ್ಲ. ಮೂಲ ಬಾನೆಟ್ಟನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟು, ಬದಲಾವಣೆಯನ್ನು ಇನ್ನೊಂದು ಬಾನೆಟ್ಟಿನ ಮೇಲೆ ಮಾಡಿದರೆ ನಾಳೆ ಮನಸ್ಸು ಬದಲಾದಾಗ ದಾರಿ ತೆರೆದಿರುತ್ತದೆ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗ ಹಳೆಯ ಕಾರುಗಳ ಬಾನೆಟ್ಟಿನ ಸಂದಿಗಳನ್ನೂ, ಕೀಲುಗಳನ್ನೂ ನಿಧಾನವಾಗಿ ನೋಡಿ. ಯಾರೋ ಒಬ್ಬ ಕೆಲಸಗಾರನ ಕೈಗುರುತು ಅಲ್ಲಿ ಉಳಿದಿರುತ್ತದೆ.

ನಮ್ಮ ಅಂಬಾಸಡರ್ ಕಾರಿಗೆ ಆ ಕೊಕ್ಕೆಯನ್ನು ಮತ್ತೆ ಹಾಕಿದ್ದು ಮರುದಿನ ಬೆಳಿಗ್ಗೆ. ಅಪ್ಪ ಟಾರ್ಚು ಹಿಡಿದು ನಿಂತಿದ್ದರು. ಎಡಗಡೆಯ ಕೀಲನ್ನು ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸಿದೆ. ಕೊಕ್ಕೆ ಎಲ್ಲೂ ತಾಗದೆ ಸಿಕ್ಕಿಕೊಂಡಿತು. ಆ ಎರಡು ಮಿಲಿಮೀಟರನ್ನು ಎರಡು ವಾರ ಮೊದಲೇ ಹುಡುಕಬೇಕಿತ್ತು. ನೀವು ಯಾವ ಯಂತ್ರವನ್ನೇ ಬಿಚ್ಚಿ ಕೂಡಿಸಿ, ಕೆಲಸ ಮುಗಿದಾಗ ಡಬ್ಬಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.